ಮಲೆರಾಜ ಲಾರಿಯನ್ನು ಮಾಡಿದವರು

ನಂಜುಂಡಯ್ಯನವರಿಗೆ ಇತಿಹಾಸ ಹೇಳುವಾಗ ಎದ್ದು ನಿಲ್ಲುವ ಚಟ. ಕುರ್ಚಿಯಲ್ಲಿ ಕೂತು ಹೇಳಿದ್ದು ಇತಿಹಾಸ ಅನ್ನಿಸುವುದಿಲ್ಲವೇನೋ. ಕಿಟಕಿಯ ಹತ್ತಿರ ಹೋಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಯಸಳೂರಿನ ಬಸ್‌ಸ್ಟ್ಯಾಂಡಿನತ್ತ ಮುಖ ಮಾಡಿ ಶುರು ಮಾಡಿದರು.

"ಬರ್ಕೊಳಮ್ಮ. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತನೇ ಇಸವಿ. ಒಂದಿನ ಬೆಳಿಗ್ಗೆ ಪೂಜೆಗೆ ಕೂತಿದ್ದೆ. ಕಣ್ಮುಚ್ತೀನಿ, ಒಂದು ಯಂತ್ರ ತಿರುಗ್ತಾ ಐತೆ."

"ಯಾವ ಯಂತ್ರ ಸಾರ್?"

"ಪಲ್ಪರ್ ಕಣಮ್ಮ. ಇನ್ಯಾವ್ದು?"

ಆಫೀಸಿನ ಬರವಣಿಗೆ, ಟೈಪಿಂಗ್ ನೋಡಿಕೊಳ್ಳುವ ದ್ರಾಕ್ಷಾಯಣಿ ಪೆನ್ನು ಎತ್ತಿದಳು. "ಪೂಜೇಲಿ ಪಲ್ಪರ್ ಕಾಣಿಸ್ತು ಅಂತ ಬರೀಲಾ?"

"ಪ್ರೇರಣೆ ಆಯ್ತು ಅಂತ ಬರಿ. ಡಿಗ್ರಿ ಮಾಡಿದೀಯ, ಇದನ್ನೂ ನಾನೇ ಹೇಳ್ಕೊಡ್ಬೇಕಾ?"

ಅವಳು ಪ್ರೇರಣೆ ಎಂದು ಬರೆದಳು. ಹಾಸನದ ಹಾಸ್ಟೆಲಿನಲ್ಲಿದ್ದು ಇತಿಹಾಸದಲ್ಲೇ ಬಿ.ಎ. ಮಾಡಿದವಳು ಅವಳು. ರಾಜರು ಕೂಡ ಹೀಗೇ ಎದುರು ನಿಂತು ಹೇಳಿ ಬರೆಸಿದ್ದರೆಂದು ಗೊತ್ತಿತ್ತು. ಆದರೆ ಅವರಿಗೆ ಕಲ್ಲು ಕೆತ್ತಿಸುವ ಕಷ್ಟವಿತ್ತು, ಸ್ವಲ್ಪದರಲ್ಲೇ ಮುಗಿಸುತ್ತಿದ್ದರು. ನಂಜುಂಡಯ್ಯನವರಿಗೆ ಬರೀ ಕಾಗದ, ಅದನ್ನು ತುಂಬಲು ಕೆ. ಹೊಸಕೋಟೆಯ ಒಬ್ಬ ಹುಡುಗಿ.

ನಂಜುಂಡೇಶ್ವರ ಅಗ್ರೋ ಇಂಡಸ್ಟ್ರೀಸ್ ಎಂದರೆ ಮೂರು ತಗಡಿನ ಶೆಡ್ಡು, ಎರಡು ಲೇತು, ಹದಿನಾಲ್ಕು ಜನ ಕೆಲಸಗಾರರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನಿಂದ ಶುರುವಾಗಿ, ಔಷಧಿ ಹೊಡೆಯುವ ಪಂಪು, ಟಿಲ್ಲರಿನ ಟ್ರೈಲರು ಮಾಡಿ, ತೊಂಬತ್ತೇಳರಲ್ಲಿ 'ಮಲೆರಾಜ' ಎಂಬ ಪುಟ್ಟ ಲಾರಿಗೆ ಕೈ ಹಾಕಿತ್ತು. ಏಳು ವರ್ಷದಲ್ಲಿ ಮಾಡಿದ ಲಾರಿ ಹನ್ನೊಂದು. ಯಾವುದಕ್ಕೂ ನಂಬರ್ ಪ್ಲೇಟಿಲ್ಲ. ಎಸ್ಟೇಟಿನ ಗೇಟಿನೊಳಗೆ ಮಾತ್ರ ಓಡುತ್ತಿದ್ದವು. ಆದರೆ ಒಂದು ಮಾತು ನಿಜ. ಜೀಪು ಏದುಸಿರು ಬಿಡುವ ಕಡಿದಾದ ಏರಿನಲ್ಲಿ, ಎತ್ತಿನಗಾಡಿ ತಿರುಗಿಸಲಾಗದ ತಿರುವಿನಲ್ಲಿ, ಮಲೆರಾಜ ಇಪ್ಪತ್ತು ಮೂಟೆ ಹೇರಿಕೊಂಡು ಹೋಗುತ್ತಿತ್ತು.

ಕಾಫಿ ರೇಟು ಬಿದ್ದ ಮೇಲೆ ಪಲ್ಪರನ್ನು ಕೇಳುವವರಿರಲಿಲ್ಲ. ನಂಜುಂಡಯ್ಯನವರು ಕಂಪನಿ ಮಾರಲು ಹೊರಟರು. ಕೊಯಮತ್ತೂರಿನ ಕಂಪನಿಯೊಂದು ಮಲೆರಾಜದ ಮೇಲೆ ಕಣ್ಣು ಹಾಕಿತು. ಎರಡು ಸಾವಿರದ ನಾಲ್ಕರ ಫೆಬ್ರವರಿಯಲ್ಲಿ ಅವರಿಂದ ಕಾಗದ ಬಂತು: ನಿಮ್ಮ ಕಂಪನಿಯ ಇತಿಹಾಸವನ್ನು ಬರೆದು, ಪುಟಪುಟಕ್ಕೂ ಮಾಲೀಕರ ಸಹಿ ಹಾಕಿ ಕಳಿಸಿ. ಯಾವ ಯಂತ್ರ ಯಾವಾಗ ಮಾಡಿದ್ದು, ಅದರ ಯಾವ ಭಾಗವನ್ನು ಯಾರು ರೂಪಿಸಿದ್ದು ಎಂದು ಹೆಸರು ಸಮೇತ ಇರಲಿ. ಲಾರಿಯನ್ನು ರೂಪಿಸಿದವರನ್ನು ನಾವು ಏಪ್ರಿಲ್‌ನಿಂದ ಕೊಯಮತ್ತೂರಿಗೆ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ. ಉಳಿದವರು ನಮಗೆ ಬೇಡ.

ಕಾಗದವನ್ನು ನಂಜುಂಡಯ್ಯನವರಿಗೆ ಓದಿ ಹೇಳಿದ್ದು ದ್ರಾಕ್ಷಾಯಣಿಯೇ. ಕೇಳಿ ಮುಗಿದ ತಕ್ಷಣ ಅವರು ಹೇಳಿದ್ದು ಒಂದೇ ಮಾತು: "ನಮ್ ಅಭೀ ಹೆಸ್ರು ಹಾಕು."

ಅಭಿಲಾಷ್ ಅವರ ಮಗ. ಎಂಜಿನಿಯರಿಂಗ್ ಸೇರಿ ಮೂರನೆಯ ವರ್ಷಕ್ಕೆ ಬಿಟ್ಟು ಬಂದವನು. ಅವನ ಮೇಜಿನ ಮೇಲೆ ಟೆಕ್ನಿಕಲ್ ಡೈರೆಕ್ಟರ್ ಎಂಬ ಹಿತ್ತಾಳೆಯ ಬೋರ್ಡಿತ್ತು. ಶೆಡ್ಡಿಗೆ ಹೋದರೆ ಪ್ಯಾಂಟಿಗೆ ಗ್ರೀಸು ಹತ್ತುತ್ತದೆಂದು ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದ. ಲಾರಿಯ ಬಗ್ಗೆ ಅವನು ಮಾಡಿದ ಏಕೈಕ ನಿರ್ಧಾರ ಅದರ ಬಣ್ಣ. ಅದೂ ಎರಡು ತಿಂಗಳಲ್ಲಿ ಎದ್ದುಹೋಗಿತ್ತು.

ಲಾರಿ ಮಾಡಿದ್ದು ಹುಸೇನ್ ಸಾಬರು. ಅದು ಯಸಳೂರಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ಯಸಳೂರಿಗೆ ಗೊತ್ತಿರುವುದು ಕೊಯಮತ್ತೂರಿಗೆ ಗೊತ್ತಾಗಬೇಕಾದರೆ ಕಾಗದದ ಮೇಲೆ ಬರಬೇಕಿತ್ತು.

ಪ್ರೇರಣೆ ಬರೆದ ದಿನವೇ ಮಧ್ಯಾಹ್ನ ದ್ರಾಕ್ಷಾಯಣಿ ಶೆಡ್ಡಿಗೆ ಹೋದಳು. ಹುಸೇನ್ ಸಾಬರು ಹನ್ನೆರಡನೆಯ ಮಲೆರಾಜದ ಕೆಳಗೆ ಮಲಗಿದ್ದರು. ಐವತ್ತಾರು ವರ್ಷದ ಮನುಷ್ಯ, ಹೊರಗೆ ಕಾಣುತ್ತಿದ್ದದ್ದು ಕಾಲು ಮಾತ್ರ.

"ಸಾಬ್ರೆ, ಪಲ್ಪರ್ ಮೊದ್ಲು ಮಾಡಿದ್ದು ಹೆಂಗೆ?"

"ಯಜಮಾನ್ರು ಏನಂತವ್ರೆ?" ಕೆಳಗಿನಿಂದಲೇ ಕೇಳಿದರು.

"ಪೂಜೇಲಿ ಕಾಣಿಸ್ತಂತೆ."

ಹುಸೇನ್ ಸಾಬರು ನಗುತ್ತ ಹೊರಗೆ ಜಾರಿ ಬಂದರು. "ಪೂಜೇಲೇನೂ ಅಲ್ಲ ಕಣಮ್ಮ, ವನಗೂರಿಂದ ಎತ್ತಿನಗಾಡೀಲಿ ಬಂತು. ಇಂಗ್ಲೆಂಡಿಂದು. ರಿಪೇರಿಗೆ ಅಂತ ಕೊಟ್ಟಿದ್ರು. ಆವಾಗ ಇವ್ರದ್ದು ಇಲ್ಲಿ ಕಬ್ಬಿಣದ ಅಂಗಡಿ. ನಾನು ಬಿಚ್ಚಿ ನೋಡ್ದೆ, ಇಂಥದ್ದು ನಾವೂ ಮಾಡ್ಬೋದು ಅಂದೆ. ಅದರ ಮುಚ್ಚಳಕ್ಕೆ ಮರದಲ್ಲಿ ಅಚ್ಚು ಕೆತ್ಸಿ ಅಂತ ಬಡ್ಕೊಂಡೆ. ಅದಕ್ಯಾಕೆ ಖರ್ಚು ಅಂತ ಆ ಹಳೇ ಮುಚ್ಚಳಾನೇ ಎರಕದವ್ರಿಗೆ ಕಳಿಸ್ಬುಟ್ರು. ಅವ್ರು ಅದನ್ನೇ ಮರಳಲ್ಲಿ ಒತ್ತಿ ಎರಕ ಹುಯ್ದವ್ರೆ."

"ಆಮೇಲೆ?"

"ಆಮೇಲೇನು, ಮುಚ್ಚಳದ ಮೇಲೆ ಇಂಗ್ಲೆಂಡಿನವ್ರ ಹೆಸರು ಇತ್ತಲ್ಲ, ದಪ್ಪಕ್ಷರದಲ್ಲಿ? ಅದೂ ಬಂದುಬುಡ್ತು. ಮೊದಲ್ನೇ ಸಲ ಹುಯ್ದ ಹನ್ನೆರಡು ಪಲ್ಪರಿಗೂ. ಉಜ್ಜಿ ತೆಗೀರೋ ಅಂದ್ರು. ಎಷ್ಟು ಉಜ್ಜಿದ್ರೂ ಕಲೆ ಹೋಗ್ಲಿಲ್ಲ. ಎಸ್ಟೇಟಿನವ್ರು ಆ ಕಲೆ ನೋಡಿ, ಓ ಇದು ಒಳ್ಳೇ ಮಾಲು, ಇಂಗ್ಲೆಂಡಿಂದ ಬಂದ ಕಳ್ಳಮಾಲು ಇರ್ಬೇಕು ಅಂತ ಮುಗಿಬಿದ್ದು ತಗೊಂಡ್ರು. ನಮ್ ಕಂಪ್ನಿ ನಿಂತಿದ್ದೇ ಹಂಗೆ."

ದ್ರಾಕ್ಷಾಯಣಿ ನಕ್ಕಳು. ಅವರು ನಗಲಿಲ್ಲ. ಹತ್ತಿಯ ಬಟ್ಟೆಯಲ್ಲಿ ಬೆರಳು ಒಂದೊಂದಾಗಿ ಒರೆಸುತ್ತ ಹೇಳಿದರು: "ಪಲ್ಪರ್ ಅವ್ರೇ ಇಟ್ಕೊಳ್ಲಿ. ಅದು ಕದ್ದಿದ್ದು. ಲಾರಿ ಹಂಗಲ್ಲ. ಅದು ಯಾರದ್ದನ್ನೂ ನೋಡಿ ಮಾಡಿದ್ದಲ್ಲ. ಲಾರಿಗೆ ನನ್ ಹೆಸ್ರು ಬರ್ಕೊಳಮ್ಮ. ಬರೀದಿದ್ರೆ ಈ ವಯಸ್ಸಲ್ಲಿ ಸಕಲೇಶಪುರದ ಗ್ಯಾರೇಜಲ್ಲಿ ಪಂಕ್ಚರ್ ಹಾಕ್ಬೇಕು ನಾನು."

ಅವಳು ಬರೆದಳು. ಚಾಸಿ, ಆಕ್ಸಲ್, ಗೇರ್‌ಬಾಕ್ಸ್, ಬ್ರೇಕ್: ಶ್ರೀ ಹುಸೇನ್. ನಂಜುಂಡಯ್ಯನವರು ಕೆಂಪು ಪೆನ್ನು ತೆಗೆದು ನಾಲ್ಕೂ ಕಡೆ ಹೊಡೆದುಹಾಕಿ ಮೇಲೆ ಶ್ರೀ ಅಭಿಲಾಷ್ ಎಂದು ಬರೆದರು.

"ಸಾರ್, ಸಾಬ್ರು ಇಪ್ಪತ್ತೈದು ವರ್ಷದಿಂದ..."

"ಅವ್ನು ಬೋಲ್ಟು ಬಿಗಿ ಮಾಡ್ದೋನು ಕಣಮ್ಮ. ತಾಳಿ ಕಟ್ಟಿದೋನು ಗಂಡನೋ, ವಾಲಗ ಊದಿದೋನು ಗಂಡನೋ?"

ಹೊರಗೆ ಬಂದಾಗ ವೆಲ್ಡರ್ ಜವರಪ್ಪ ಬಾಗಿಲ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ನೀವ್ಯಾಕ್ರೀ ಬಾಯಿ ನೋಯ್ಸ್ಕೊತೀರಿ? ನಿಮ್ದೂ ಹೆಸ್ರಿಲ್ಲ, ನಂದೂ ಹೆಸ್ರಿಲ್ಲ. ಏಪ್ರಿಲ್‌ಗೆ ಎಲ್ಲಾರೂ ಮನೆಗೆ" ಎಂದ. ಅವಳಿಗೆ ಅವನ ಮೇಲೂ ಸಿಟ್ಟು ಬಂತು, ತನ್ನ ಮೇಲೂ. ಕೆಂಪು ತಿದ್ದುಪಡಿಯಂತೆ ಶುದ್ಧವಾಗಿ ಟೈಪ್ ಮಾಡಿ ಫೈಲಿಗೆ ಹಾಕಿದಳು. ಸಂಬಳಕ್ಕೆ ಬರೆಯುವ ಇತಿಹಾಸ ಬೇರೆ ಹೇಗಿರುತ್ತದೆ.

ಕಾಗದ ಕಳಿಸುವ ಮೊದಲೇ ಕೊಯಮತ್ತೂರಿನ ಎಂಜಿನಿಯರು ಲಾರಿ ನೋಡಲು ಬಂದರು. ಕನ್ನಡಕ ಹಾಕಿದ, ಕಡಿಮೆ ಮಾತಿನ ಮನುಷ್ಯ. ಮುರುಕು ಕನ್ನಡ ಬರುತ್ತಿತ್ತು. ವನಗೂರಿನ ತೋಟಪ್ಪನವರ ಎಸ್ಟೇಟಿನಲ್ಲಿ ಓಡಿಸಿ ತೋರಿಸುವುದೆಂದಾಯಿತು. ಅಲ್ಲಿಯ ಏರು ಎಷ್ಟು ಕಡಿದೆಂದರೆ ಕೂಲಿ ಲೈನಿನ ಹೆಂಗಸರು ಕೂಡ ಅಡ್ಡಡ್ಡ ಹತ್ತುತ್ತಿದ್ದರು.

ಇಪ್ಪತ್ತು ಮೂಟೆ ಒಣಚೆರಿ ಕಾಫಿ ಹೇರಿದರು. ಹುಸೇನ್ ಸಾಬರು ಓಡಿಸಿದರು. ಎಂಜಿನಿಯರು ಕಿಟಕಿ ಪಕ್ಕ, ನಂಜುಂಡಯ್ಯನವರು ನಡುವೆ. ದ್ರಾಕ್ಷಾಯಣಿ ನೋಟ್‌ಬುಕ್ ಹಿಡಿದು ಹಿಂದೆ ಮೂಟೆಗಳ ಮೇಲೆ. ಕ್ಯಾಬಿನಿನ ಹಿಂಭಾಗದಲ್ಲಿ ಗಾಜಿಲ್ಲದ ಒಂದು ಕಿಂಡಿಯಿತ್ತು, ಅದರಿಂದ ಮೂವರ ತಲೆಯೂ ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು. ಅಭಿಲಾಷ್ ಕ್ಯಾಮೆರಾ ಹಿಡಿದು ಹಿಂದೆ ಜೀಪಿನಲ್ಲಿ ಬಂದ.

ಲಾರಿ ಕೆಮ್ಮದೆ ಹತ್ತಿತು. ಎಂಜಿನಿಯರು ಎರಡು ಸಲ "ಒಳ್ಳೇದು" ಎಂದರು. ಎರಡನೆಯ ಸಲಕ್ಕೆ ನಂಜುಂಡಯ್ಯನವರಿಗೆ ತಡೆಯಲಾಗಲಿಲ್ಲ. ಹೊಗಳಿಕೆ ಡ್ರೈವರಿನ ಕಡೆ ಹೋಗುತ್ತಿದೆ ಎನ್ನಿಸಿರಬೇಕು.

ನೆತ್ತಿಯ ಮೇಲೆ ಲಾರಿ ನಿಲ್ಲಿಸಿದಾಗ, "ಜರುಗು ಹುಸೇನ. ಇಳಿಯೋದು ನಾನು ತೋರಿಸ್ತೀನಿ" ಎಂದರು.

"ಯಜಮಾನ್ರೇ, ನೀವು ಇದನ್ನ ಓಡಿಸಿಲ್ಲ..."

"ನಾನು ಮಾಡಿದ್ ಗಾಡಿ ಓಡ್ಸಕ್ಕೆ ನಿನ್ನ ಕೇಳ್ಬೇಕೇನೋ?"

ಹುಸೇನ್ ಸಾಬರು ನಡುವಿಗೆ ಜರುಗಿದರು. "ಆಯ್ತು. ಇಂಜಿನ್ ಮಾತ್ರ ಬಂದ್ ಮಾಡ್ಬೇಡಿ" ಎಂದರು.

ಈ ಕಡೆಯ ಜೀಪಿನವರಿಗೆಲ್ಲ ಒಂದು ರೂಢಿಯಿದೆ. ಇಳಿಜಾರು ಬಂತೆಂದರೆ ಗೇರು ತೆಗೆದು ಇಂಜಿನ್ ಬಂದ್ ಮಾಡುತ್ತಾರೆ. ಡೀಸೆಲ್ ಉಳಿಯಿತು ಎಂಬ ಸಂತೋಷದಲ್ಲಿ ಕೆಳಗಿನ ತನಕ ಸದ್ದಿಲ್ಲದೆ ಜಾರುತ್ತಾರೆ. ನಂಜುಂಡಯ್ಯನವರು ನಲವತ್ತು ವರ್ಷ ಇಳಿದಿದ್ದೇ ಹಾಗೆ. ಹಳೆಯ ಜೀಪಿನಲ್ಲಿ ಅದು ನಡೆಯುತ್ತದೆ. ಅದರ ಬ್ರೇಕಿಗೆ ಕಾಲಿನ ಬಲ ಒಂದೇ ಸಾಕು. ಮಲೆರಾಜಕ್ಕೆ ಹುಸೇನ್ ಸಾಬರು ಹಾಕಿದ್ದು ವ್ಯಾಕ್ಯೂಮ್ ಬ್ರೇಕು. ಇಂಜಿನ್ ತಿರುಗುತ್ತಿದ್ದರೆ ಅದು ಕಾಲಿಗೆ ಬಲ ಕೊಡುತ್ತದೆ, ಬೆರಳಲ್ಲಿ ಒತ್ತಿದರೂ ತುಂಬಿದ ಲಾರಿ ನಿಲ್ಲುತ್ತದೆ. ಇಂಜಿನ್ ಬಂದಾದರೆ ಒಂದು ಸಲ ಹಿಡಿಯುತ್ತದೆ, ಎರಡು ಸಲ ಹಿಡಿಯುತ್ತದೆ, ಮೂರನೆಯ ಸಲಕ್ಕೆ ಪೆಡಲು ಬಂಡೆ. ಹನ್ನೊಂದು ಲಾರಿ ಕೊಂಡವರಿಗೂ ಇದನ್ನು ಹುಸೇನ್ ಸಾಬರೇ ಕೂರಿಸಿಕೊಂಡು ಹೇಳಿದ್ದರು. ಸ್ಟಿಯರಿಂಗಿನ ಎದುರಿಗೆ ಬರೆಸೋಣ ಎಂದೂ ಕೇಳಿದ್ದರು. ನಂಜುಂಡಯ್ಯನವರು ಆ ಜಾಗಕ್ಕೆ ತಮ್ಮ ಫೋಟೋ ಅಂಟಿಸಿದ್ದರು.

ಲಾರಿ ಹೊರಟಿತು. ಮೊದಲನೆಯ ತಿರುವು ಕಳೆದ ಮೇಲೆ ನಂಜುಂಡಯ್ಯನವರು ಗೇರು ತೆಗೆದರು. ಕೀಲಿ ತಿರುಗಿಸಿದರು. ಇಂಜಿನ್ ಸುಮ್ಮನಾಯಿತು. ಅಷ್ಟಕ್ಕೇ ಬಿಡದೆ ಕೀಲಿಯನ್ನು ಕಿತ್ತು ಎಂಜಿನಿಯರ ಮುಖದ ಮುಂದೆ ಅಲ್ಲಾಡಿಸಿದರು.

"ನೋಡಿ ಸಾರ್! ಇಲ್ಲಿಂದ ಎರಡು ಕಿಲೋಮೀಟ್ರು ಒಂದ್ ತೊಟ್ಟು ಡೀಸೆಲ್ ಇಲ್ಲ. ನಮ್ ಡಿಸೈನ್!"

"ಅಯ್ಯಯ್ಯೋ, ಕೀಲಿ ಹಾಕಿ, ಹಾಕಿ ಕೀಲಿ!" ಹುಸೇನ್ ಸಾಬರು ಕೂಗಿದರು.

"ಸುಮ್ನಿರೋ ಮಾರಾಯ, ನಿಂದೊಂದು..." ಎನ್ನುತ್ತ ನಂಜುಂಡಯ್ಯನವರು ಎರಡನೆಯ ತಿರುವಿನಲ್ಲಿ ಬ್ರೇಕು ಒತ್ತಿದರು. ಹಿಡಿಯಿತು. ಸ್ವಲ್ಪ ಮುಂದೆ ಇನ್ನೊಮ್ಮೆ ಒತ್ತಿದರು, ಅರ್ಧ ಹಿಡಿಯಿತು. ಮೂರನೆಯ ಸಲ ಅವರ ತಲೆ ಕಿಂಡಿಯಲ್ಲಿ ಒಂದು ಗೇಣು ಮೇಲೆ ಬಂದದ್ದನ್ನು ದ್ರಾಕ್ಷಾಯಣಿ ನೋಡಿದಳು. ಪೆಡಲಿನ ಮೇಲೆ ಎದ್ದು ನಿಂತಿದ್ದರು. ಲಾರಿ ನಿಲ್ಲಲಿಲ್ಲ. "ಬ್ರೇಕಿಲ್ಲ! ಹುಸೇನಾ, ಬ್ರೇಕಿಲ್ಲ ಕಣೋ!"

"ಕ್ಲಚ್ ಒತ್ತಿ! ಬ್ರೇಕ್ ಬುಡಿ, ಕ್ಲಚ್ಚು!"

ನಂಜುಂಡಯ್ಯನವರಿಗೆ ಯಾವ ಕಾಲು ಯಾವುದೆಂದು ತಿಳಿಯಲಿಲ್ಲ. ಹುಸೇನ್ ಸಾಬರು ತಮ್ಮ ಕಾಲನ್ನೇ ಅವರ ಕಾಲುಗಳ ನಡುವೆ ತೂರಿಸಿ ಕ್ಲಚ್ಚು ಒದ್ದರು, ಗೇರನ್ನು ಎರಡಕ್ಕೆ ನೂಕಿ ಕಾಲು ತೆಗೆದರು. ಲಾರಿ ಇಡೀ ಮೈ ಅದುರಿಸಿ ನರಳಿತು. ವೇಗ ತಗ್ಗಿತು. ಅವರು ಸ್ಟಿಯರಿಂಗನ್ನು ಪಕ್ಕದಿಂದಲೇ ಎಳೆದು ಲಾರಿಯ ಮೂತಿಯನ್ನು ರಸ್ತೆ ಪಕ್ಕದ ಮಣ್ಣಿನ ದರೆಗೆ ಗುದ್ದಿಸಿದರು. ದ್ರಾಕ್ಷಾಯಣಿಯ ಮೇಲೆ ಎರಡು ಮೂಟೆ ಉರುಳಿದವು. ಎಂಜಿನಿಯರ ಕನ್ನಡಕ ಒಡೆಯಿತು, ಹಣೆ ಸೀಳಿತು.

ಎಲ್ಲರೂ ಬದುಕಿದ್ದಾರೆಂದು ಗೊತ್ತಾದ ಕೂಡಲೇ ನಂಜುಂಡಯ್ಯನವರು ಕೆಳಗಿಳಿದು ಹುಸೇನ್ ಸಾಬರ ಕಪಾಳಕ್ಕೆ ಹೊಡೆದರು. "ಬ್ರೇಕ್ ಹಾಕಿದೀಯೇನೋ, ಆಟದ ಸಾಮಾನು ಹಾಕಿದೀಯೇನೋ!" ಕೀಲಿ ಇನ್ನೂ ಅವರ ಎಡಗೈಯಲ್ಲೇ ಇತ್ತು.

ಹಣೆಗೆ ಕರವಸ್ತ್ರ ಒತ್ತಿಕೊಂಡಿದ್ದ ಎಂಜಿನಿಯರು ಲಾರಿಯ ಕೆಳಗೆ ಬಗ್ಗಿ ನೋಡಿದರು, ಆಮೇಲೆ ಮಲಗಿಯೇ ನೋಡಿದರು. ತುಂಬ ಹೊತ್ತು ಎದ್ದು ಬರಲಿಲ್ಲ. ಜೀಪು ಹತ್ತುವಾಗ ಹುಸೇನ್ ಸಾಬರನ್ನು ಕರೆದು, ಗೇರಿನ ಬಗ್ಗೆ ಎರಡು ಪ್ರಶ್ನೆ ಕೇಳಿ, "ನಿಮ್ಮ ಹೆಸರು ಪೇಪರ್‌ನಲ್ಲಿ ಇದೆಯಾ?" ಎಂದರು.

ಹುಸೇನ್ ಸಾಬರು ದ್ರಾಕ್ಷಾಯಣಿಯತ್ತ ನೋಡಿದರು. ದ್ರಾಕ್ಷಾಯಣಿ ನೆಲ ನೋಡಿದಳು.

"ಪೇಪರ್‌ನಲ್ಲಿ ಇಲ್ಲದವರನ್ನು ನಾನು ತಗೊಳ್ಳೋದಕ್ಕೆ ಆಗೋದಿಲ್ಲ" ಎಂದು ಎಂಜಿನಿಯರು ಹೊರಟುಹೋದರು. ಸಕಲೇಶಪುರದಲ್ಲಿ ಅವರ ಹಣೆಗೆ ನಾಲ್ಕು ಹೊಲಿಗೆ ಬಿದ್ದವು.

ಸೋಮವಾರ ನಂಜುಂಡಯ್ಯನವರು ಇತಿಹಾಸದ ಫೈಲು ತರಿಸಿದರು. ಅಭಿಲಾಷ್ ಆಗಲೇ ಬಂದು ಎದುರಿಗೆ ಕೂತಿದ್ದ, ಉಗುರು ಕಚ್ಚುತ್ತ.

"ಅಪ್ಪ, ಡಿಸೈನು ನಂದು ಅಂತ ಬರೆದಿದೆ. ಆ ಮನುಷ್ಯ ಕೇಸು ಗೀಸು ಅಂತ ಹೋದ್ರೆ ನನ್ ಕುತ್ತಿಗೇಗೆ ಬರುತ್ತೆ. ಮೊದ್ಲು ನನ್ ಹೆಸ್ರು ತೆಗೆಸಿ."

"ತೆಗೆಸ್ತೀನಿ ಕಣೋ. ಏನಮ್ಮ, ಬ್ರೇಕಿನ ಎದುರಿಗೆ ಹುಸೇನಂದು ಅಂತ ಬರಿ. ಬ್ರೇಕ್ ಕೆಟ್ಟು ಅಪಘಾತ ಆಯ್ತು, ಅದಕ್ಕೆ ಅವನೇ ಹೊಣೆ ಅಂತಾನೂ ಸೇರ್ಸು."

ದ್ರಾಕ್ಷಾಯಣಿ ಬರೆದುಕೊಂಡಳು. ಬರೆಯುತ್ತಿದ್ದಂತೆ ಕೈ ತಾನಾಗಿ ನಿಂತಿತು. ಇಪ್ಪತ್ತೈದು ವರ್ಷದಲ್ಲಿ ಈ ಕಂಪನಿಯ ಕಾಗದದ ಮೇಲೆ ಹುಸೇನ್ ಸಾಬರ ಹೆಸರು ಒಂದು ಯಂತ್ರದ ಪಕ್ಕದಲ್ಲಿ ಬಂದದ್ದು ಇದೇ ಮೊದಲು. ಅವಳು ಮುಖ ಎತ್ತದೆ ಕೇಳಿದಳು:

"ಸಾರ್, ಬ್ರೇಕು ಕೂತಿರೋದು ಆಕ್ಸಲ್ ಮೇಲೆ. ಆಕ್ಸಲ್ ಅಭಿಲಾಷ್ ಸಾರ್‌ದು ಅಂತಿದೆ."

"ಹಂಗಾದ್ರೆ?"

"ಏನಿಲ್ಲ ಸಾರ್. ಬ್ರೇಕು ಯಾಕೆ ಹಿಡೀಲಿಲ್ಲ ಅಂತ ಆಕ್ಸಲ್ ಮಾಡಿದವರನ್ನೂ ಕೇಳ್ತಾರೇನೋ ಅಂತ."

"ಅಪ್ಪ!" ಎಂದ ಅಭಿಲಾಷ್.

"ಆಕ್ಸಲ್ಲೂ ಅವಂದೇ ಬರಿ."

"ಆಕ್ಸಲ್ ಚಾಸಿಗೆ ಸೇರಿರುತ್ತೆ..."

"ಚಾಸಿನೂ ಬರಿ. ಎಲ್ಲಾ ಅವನೇ ಹಾಳು ಮಾಡಿದ್ದು."

"ಗೇರ್‌ಬಾಕ್ಸು?"

ನಂಜುಂಡಯ್ಯನವರು ತಡೆದರು. ಲಾರಿ ನಿಂತದ್ದು ಗೇರಿನಿಂದ ಎಂಬುದು ಅವರಿಗೂ ಅರ್ಥವಾಗಿತ್ತು. "ಅದು ಅಭೀದೇ ಇರ್ಲಿ. ಅದರಿಂದ್ಲೇ ಜೀವ ಉಳಿದಿದ್ದು."

"ಆಯ್ತು ಸಾರ್." ದ್ರಾಕ್ಷಾಯಣಿ ಅಭಿಲಾಷನ ಕಡೆ ತಿರುಗಿದಳು. "ಎಂಜಿನಿಯರು ಗೇರಿನ ವಿಷಯ ಕೇಳ್ತಿದ್ರು. ಎರಡನೇ ಗೇರಿನ ಹಲ್ಲು ಎಷ್ಟು, ಯಾಕೆ ಅಷ್ಟಿಟ್ರಿ ಅಂತ. ಫೋನ್ ಮಾಡಿದ್ರೆ ನಿಮಗೇ ಕೊಡ್ತೀನಿ. ಹೇಳ್ತೀರಲ್ವಾ?"

ಅಭಿಲಾಷನ ಮುಖ ಸಪ್ಪಗಾಯಿತು. ಮಲೆರಾಜಕ್ಕೆ ಗೇರು ನಾಲ್ಕೋ ಐದೋ ಎಂದು ಕೇಳಿದ್ದರೂ ಅವನು ಹೊರಗೆ ಹೋಗಿ ನೋಡಿ ಬರಬೇಕಿತ್ತು. "ಬೇಡ ಅಪ್ಪ. ಅದೂ ಬೇಡ. ಕೊಯಮತ್ತೂರೂ ಬೇಡ, ಅಲ್ಲಿ ಸೆಖೆ."

"ಥೂ ನಿನ್ನ" ಎಂದರು ನಂಜುಂಡಯ್ಯನವರು. "ಬರ್ಕೊಳಮ್ಮ, ಲಾರಿ ಪೂರ್ತಿ ಅವಂದೇ."

"ಪಲ್ಪರು?"

"ಅದು ನಂದು! ಅದಕ್ಕೆ ಕೈ ಹಾಕ್ಬೇಡ. ಪ್ರೇರಣೆ ಹಂಗೇ ಇರ್ಲಿ."

ಅವಳು ಅಲ್ಲೇ ಕೂತು ಟೈಪ್ ಮಾಡಿದಳು. ಮಾಡಿ ಓದಿ ಹೇಳಿದಳು. ಪ್ರೇರಣೆ ಬಂದಾಗ ಅವರು ತಲೆದೂಗಿದರು. ಲಾರಿಯ ಪುಟ ಬಂದಾಗ, ಹೊಣೆ ಎಂಬ ಮಾತು ಸರಿಯಾಗಿ ಕೂತಿದೆಯೇ ಎಂದು ಮಾತ್ರ ಕೇಳಿದರು. ಎಂಟು ಪುಟಕ್ಕೂ ಸಹಿ ಹಾಕಿದರು. ಅವಳು ಎಂಟು ಸಲ ಸೀಲು ಒತ್ತಿದಳು.

ಅಂಚೆಗೆ ಹಾಕುವ ಮೊದಲು ಶೆಡ್ಡಿಗೆ ಹೋಗಿ ಹುಸೇನ್ ಸಾಬರಿಗೆ ಆ ಪುಟ ತೋರಿಸಿದಳು. ಅವರು ಖುಷಿಪಡುತ್ತಾರೆಂದುಕೊಂಡಿದ್ದಳು. ಅವರು ಕೇಳಿದ್ದು ಕೊನೆಯ ಸಾಲನ್ನು.

"ಬ್ರೇಕ್ ಕೆಟ್ಟಿತ್ತು ಅಂತ ಬರ್ದೀರಾ?"

"ಹೂಂ."

"ಬ್ರೇಕ್ ಕೆಟ್ಟಿರ್ಲಿಲ್ಲ."

"ಗೊತ್ತು ಸಾಬ್ರೆ."

"ಮತ್ಯಾಕೆ ಬರ್ದ್ರಿ? ನನ್ ಬ್ರೇಕ್ ಇವತ್ತಿನವರೆಗೂ ಕೆಟ್ಟಿಲ್ಲ. ಆ ಸಾಲು ತೆಗೀರಿ."

"ಆ ಸಾಲು ಇರೋದಕ್ಕೇ ಅವ್ರು ಸಹಿ ಹಾಕಿದ್ದು. ಅದನ್ನ ತೆಗೆದ್ರೆ ಮೇಲೆ ನಾಲ್ಕು ಕಡೆ ಇರೋ ನಿಮ್ ಹೆಸ್ರೂ ಹೋಗುತ್ತೆ."

ಹುಸೇನ್ ಸಾಬರು ಕಾಗದವನ್ನು ಅಂಚಿನಲ್ಲಿ ಹಿಡಿದು ನಿಂತರು, ಎಣ್ಣೆ ತಾಗದ ಹಾಗೆ. ಕಪಾಳಕ್ಕೆ ಬಿದ್ದಾಗ ಬಾಡದಿದ್ದ ಮುಖ ಈಗ ಬಾಡಿತ್ತು. ಜವರಪ್ಪ ವೆಲ್ಡಿಂಗ್ ನಿಲ್ಲಿಸಿ ನೋಡುತ್ತಿದ್ದ.

"ಕಳ್ಸ್ರೀ ಅತ್ಲಾಗೆ" ಎಂದ ಅವನು. "ಕೀಲಿ ಯಾರ ಕೈಲಿತ್ತು ಅಂತ ಆ ಎಂಜಿನಿಯರು ನೋಡಿಲ್ವಾ? ಅವ್ನ ಮೂಗಿನ ಮುಂದೇ ಅಲ್ಲಾಡ್ಸವ್ರೆ."

ಹುಸೇನ್ ಸಾಬರು ಕಾಗದ ವಾಪಸ್ ಕೊಟ್ಟರು. "ಕಳ್ಸಿ" ಎಂದಷ್ಟೇ ಹೇಳಿ ಲಾರಿಯ ಕೆಳಗೆ ಹೋದರು. ಥ್ಯಾಂಕ್ಸ್ ಹೇಳಲಿಲ್ಲ. ಹೇಳುವಂಥದ್ದೇನೂ ಆಗಿರಲಿಲ್ಲ ಎಂದು ದ್ರಾಕ್ಷಾಯಣಿಗೂ ಅನ್ನಿಸಿತು.

ಮೂರು ವಾರಕ್ಕೆ ಉತ್ತರ ಬಂತು. ಪಲ್ಪರು, ಪಂಪು, ಟ್ರೈಲರು, ಯಾವುದೂ ಬೇಡ. ಮಲೆರಾಜವನ್ನು ಕೊಳ್ಳುತ್ತೇವೆ. ಸಹಿ ಮಾಡಿದ ಇತಿಹಾಸದ ಪ್ರಕಾರ ಲಾರಿಯನ್ನು ರೂಪಿಸಿದ ಶ್ರೀ ಹುಸೇನ್ ಅವರು ಏಪ್ರಿಲ್ ಒಂದಕ್ಕೆ ಬಂದು ಸೇರಲಿ. ಬ್ರೇಕಿನ ಮಾತನ್ನು ಯಾರೂ ಎತ್ತಿರಲಿಲ್ಲ. ಉಳಿದ ಹದಿಮೂರು ಜನಕ್ಕೆ, ದ್ರಾಕ್ಷಾಯಣಿಯೂ ಸೇರಿ, ಅದೇ ವಾರ ನೋಟಿಸು ಬಂತು. ಆ ನೋಟಿಸುಗಳನ್ನು ಟೈಪ್ ಮಾಡಿದ್ದೂ ಅವಳೇ.

ಹುಸೇನ್ ಸಾಬರು ಹೊರಟ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಜನವಿತ್ತು. ನಂಜುಂಡಯ್ಯನವರೂ ಬಂದಿದ್ದರು. ಯಾರೂ ಕರೆದಿರಲಿಲ್ಲ. ಅವರು ಬಾಗಿಲಲ್ಲಿ ಎದ್ದು ನಿಂತು, ಕೈ ಬೆನ್ನ ಹಿಂದೆ ಕಟ್ಟಿ, ಕೂತವರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

"ಕೊಯಮತ್ತೂರಿನವ್ರು ಒಬ್ಬ ಒಳ್ಳೇ ಮನುಷ್ಯನ್ನ ಕೊಡಿ ಅಂತ ಕೈ ಮುಗಿದ್ರು. ಯೋಚ್ನೆ ಮಾಡ್ದೆ. ಹೋಗ್ಲಿ ಪಾಪ ಅಂತ ಇವನ್ನ ಕಳಿಸ್ತಿದೀನಿ. ಸ್ಪ್ಯಾನರ್ ಹಿಡಿಯಕ್ಕೆ ಬರ್ತಿರ್ಲಿಲ್ಲ ಕಣ್ರೀ ಇವನಿಗೆ. ನಾನೇ ತಯಾರ್ ಮಾಡಿದ್ದು."

ಹುಸೇನ್ ಸಾಬರು ಟೀ ಮುಗಿಸಿ ಲೋಟ ಕೆಳಗಿಟ್ಟರು, ಸಾಮಾನಿನ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸಲು ಜವರಪ್ಪನನ್ನು ಕರೆದರು.